ಸುತ್ತಿಗೆ ಬ್ಯಾಂಡು ಮೆಲ್ಲಗೆ ಹಾಡಿದ ದಿನ

ನಮ್ಮೂರಿನಲ್ಲಿ ನೆಂಟರನ್ನು ಬಾಗಿಲಲ್ಲೇ ನಿಂತು ಕಳಿಸುವ ಪದ್ಧತಿ ಇಲ್ಲ. ಬಂದವರು ಹೊರಟರೆಂದರೆ ಮನೆಯವರೊಬ್ಬರು ಎದ್ದು, ಚಪ್ಪಲಿ ಮೆಟ್ಟಿ, ಊರಾಚೆಯ ಸುಂಕದ ಕಟ್ಟೆಯವರೆಗೆ ಜೊತೆಗೆ ನಡೆದು ಬಿಟ್ಟು ಬರಬೇಕು. ಏಳುವಾಗ "ಕಳಿಸಿ ಬರ್ತೀನಿ" ಅನ್ನಬೇಕು. ಬದುಕಿರುವ ನೆಂಟರನ್ನು ಕಳಿಸಲು ಹೋದವರು ವಾಪಸು ಬರುತ್ತಾರೆ. ಸತ್ತ ನೆಂಟರನ್ನು ಕಳಿಸಲು ಹೋದವರು ಬರುವುದಿಲ್ಲ. ಇದರಲ್ಲಿ ಬೆರಗುಪಡುವಂಥದ್ದು ನಮಗೇನೂ ಕಾಣದು. ಬೇರೆ ಊರುಗಳಲ್ಲಿ ಹೇಗೋ ಏನೋ.

ಸತ್ತವರು ಸುಮ್ಮಸುಮ್ಮನೆ ಬರುವವರಲ್ಲ. ಬದುಕಿದ್ದಾಗ ಕೇಳಿದ ಧಾಟಿಯೊಂದು ಕಿವಿಗೆ ಬಿದ್ದರೆ ಮಾತ್ರ ಬರುತ್ತಾರೆ. ಹಾಡು ಮುಗಿಯುವವರೆಗೂ ನಿಂತು ಕೇಳುತ್ತಾರೆ. ಯಾರಿಗೂ ಏನೂ ಮಾಡುವುದಿಲ್ಲ. ಮುಗಿದ ಮೇಲೆ ಹೊರಟು ನಿಲ್ಲುತ್ತಾರೆ, ಆಗ ಅವರ ಮನೆಯವರೊಬ್ಬರು ಏಳುತ್ತಾರೆ. ಹಿಡಿದು ತಡೆದವರ ಕೈಯಲ್ಲಿ ಸೆರಗಿನ ಚೂರೋ ಅಂಗಿಯ ಗುಂಡಿಯೋ ಉಳಿಯುತ್ತದೆ, ಅಷ್ಟೇ. ಹೀಗೆ ಒಬ್ಬರನ್ನು ಜೊತೆಗೆ ಪಡೆದವರು ಮತ್ತೆ ಬರುವುದಿಲ್ಲ. ನನ್ನ ಅಜ್ಜಿ ಹುಟ್ಟುವ ಮೊದಲೇ ಊರವರು ಇದಕ್ಕೆ ಹೆದರಿ ಹಾಡುವುದನ್ನು ಬಿಟ್ಟಿದ್ದರಂತೆ. ಬೀಸುವ ಕಲ್ಲು ಬರೀ ಗರಗರ ಎಂದಿತು. ಹೆಣ್ಣು ಒಪ್ಪಿಸುವಾಗ ಹೆಂಗಸರು ತುಟಿ ಕಚ್ಚಿಕೊಂಡು ಅತ್ತರು. ನಾಟಿ ಮಾಡುವವರು ಕೊಕ್ಕರೆಗಳ ಹಾಗೆ ಮೂಕರಾಗಿ ಬಗ್ಗಿ ಎದ್ದರು. ಹಾಡಿನ ಜಾಗದಲ್ಲಿ ಕಥೆ ಬಂತು. ಕಥೆಗೆ ಸತ್ತವರು ಬರುವುದಿಲ್ಲ, ಯಾಕೋ.

ಅಂಥ ಊರಿಗೆ ಸುತ್ತಿಗೆ ಬ್ಯಾಂಡು ಬಂದದ್ದು. ನನ್ನ ಸೋದರಮಾವ ತಿಪ್ಪೇಶ ಆಗ ಮೀಸೆ ಚಿಗುರುತ್ತಿದ್ದ ಹುಡುಗ. ಅವನ ಗೆಳೆಯ ವಿಕ್ಟರ್ ಬಂದರಿನ ಊರಿನಿಂದ ಒಂದು ಕರೆಂಟಿನ ಗಿಟಾರು ತಂದ. ನಿಂಗರಾಜ ನಾಲ್ಕೇ ತಂತಿಯ ದಪ್ಪ ದನಿಯ ಗಿಟಾರು ಹಿಡಿದ, ದಾದಾಪೀರ ಡ್ರಮ್ಮಿನ ಮುಂದೆ ಕೂತ. ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಮೈದಾನದಲ್ಲಿ ಸ್ಪೀಕರು ನಿಲ್ಲಿಸಿ, ಯಾರನ್ನೂ ಕೇಳದೆ, ರಾಕ್ ಅನ್ನುವ ಆ ಗದ್ದಲ ಎಬ್ಬಿಸಿದರು. ಊರೆಲ್ಲ ಬಾಗಿಲು ಹಾಕಿಕೊಂಡು, ಯಾರು ಬರುತ್ತಾರೋ, ಯಾರು ಹೋಗುತ್ತಾರೋ ಎಂದು ಕಾದಿತು. ಯಾರೂ ಬರಲಿಲ್ಲ. ಆ ಸದ್ದು ಯಾವ ಲೋಕದ್ದೆಂದು ಸತ್ತವರಿಗೆ ಗೊತ್ತೇ ಆಗಲಿಲ್ಲ. ಕೊನೆಗೆ ಒಬ್ಬ ಮುದುಕಿ ಕಿಟಕಿಯಿಂದ ತಲೆ ಹಾಕಿ, "ಸತ್ತೋರು ಬರೋದಿರ್ಲಿ, ಇದನ್ನ ಕೇಳಿದ್ರೆ ಬದುಕಿರೋರೂ ಊರು ಬುಡ್ತಾರೆ" ಅಂದಳಂತೆ. ಊರು ನಕ್ಕಿತು. ನಕ್ಕು ಬಾಗಿಲು ತೆಗೆಯಿತು. ಅಲ್ಲಿಂದ ನಲವತ್ತು ವರ್ಷ ನಮ್ಮೂರಿನ ಮದುವೆ, ಮುಂಜಿ, ಸುಗ್ಗಿ ಎಲ್ಲಕ್ಕೂ ಅದೇ ಸಂಗೀತ. ಧಾರೆ ಎರೆಯುವಾಗ ಡ್ರಮ್ಮು ಗುಡುಗುತ್ತಿತ್ತು. "ಗೋಡೆ ಒಡಿ, ಗೋಡೆ ಒಡಿ" ಎಂದು ಮಾವ ಕಿರುಚಿದರೆ ಗರತಿಯರೂ ತಲೆ ಆಡಿಸುತ್ತಿದ್ದರು.

ನಾನು ಬೆಳೆದದ್ದು ಅಜ್ಜಿಯ ಬಳಿ. ಅಮ್ಮ ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು, ಹಬ್ಬಕ್ಕೆ ಬಂದು ಹೋಗುವವಳು. ಮಾವ ಮದುವೆಯಾಗಲಿಲ್ಲ. "ಅವನು ಮೈಕನ್ನೇ ಕಟ್ಕೊಂಡವ್ನೆ, ಇನ್ನೊಬ್ಬಳು ಬಂದ್ರೆ ಸವತಿ ಕಾಟ" ಎಂದು ಅಜ್ಜಿ ನಗುತ್ತಿದ್ದಳು. ಅವನಿಗೆ ಇದ್ದದ್ದು ಎರಡೇ, ಗಂಟಲು ಮತ್ತು ಅವ್ವ. ಗಂಟಲು ಒಡೆದು ಬಂದ ದಿನ ಅವ್ವ ಮೆಣಸಿನ ಕಷಾಯ ಕುಡಿಸುತ್ತಿದ್ದಳು. ಅವ್ವನಿಗೆ ಜ್ವರ ಬಂದ ದಿನ ಅವನು ಕಾರ್ಯಕ್ರಮ ಒಲ್ಲೆ ಅನ್ನುತ್ತಿದ್ದ. ನನಗೆ ಅಜ್ಜಿ ಕೊಟ್ಟದ್ದು ಕಥೆ. ಅವಳ ಕಥೆಗಳಲ್ಲಿ ತಾಯಿ ರಾಣಿಯಾಗಿರಲಿ, ಗುಬ್ಬಿಯಾಗಿರಲಿ, ಯಾವಾಗಲೂ ಮೂರು ಮಕ್ಕಳು. ನಡುವಿನದು ಕಾಡಿಗೆ ಹೋಗುತ್ತಿತ್ತು, ಕಿರಿಯದು ರಾಕ್ಷಸನನ್ನು ಗೆಲ್ಲುತ್ತಿತ್ತು. "ದೊಡ್ಡದು ಏನ್ಮಾಡ್ತು ಅಜ್ಜಿ?" ಎಂದರೆ, "ದೊಡ್ಡದಾ? ಅದು ಮಲಗಿತ್ತು" ಅನ್ನುತ್ತಿದ್ದಳು. ಎಲ್ಲ ಕಥೆಯಲ್ಲೂ ದೊಡ್ಡದು ಮಲಗಿಯೇ ಇರುತ್ತಿತ್ತು. ಸೋಮಾರಿ ಮಗು ಅಂದುಕೊಂಡು ನಾನು ನಗುತ್ತಿದ್ದೆ. ಬಚ್ಚಲ ಹಿಂದಿನ ನುಗ್ಗೆ ಗಿಡದ ಬುಡಕ್ಕೆ ಅವಳು ದಿನಾ, ಸೊಂಟ ಎಡಕ್ಕೆ ವಾಲಿಸಿ ನಡೆದು ಹೋಗಿ, ಒಂದು ಒಳಲೆ ಹಾಲು ಸುರಿಯುತ್ತಿದ್ದಳು. ಗಿಡಕ್ಕೆ ಒಳ್ಳೇದು ಅಂದಿದ್ದಳು, ನಂಬಿದ್ದೆ.

ಬ್ಯಾಂಡಿಗೆ ವಯಸ್ಸಾಯಿತು. ವಿಕ್ಟರನ ಬೆರಳಿನ ಗೆಣ್ಣು ಶುಂಠಿಯ ಹಾಗೆ ಊದಿತು. ದಾದಾಪೀರನ ಕಿವಿ ಡ್ರಮ್ಮಿಗೇ ಬಲಿಯಾಯಿತು. ಮಾವನ ರೆಕ್ಸಿನ್ ಜಾಕೀಟು ಹಾವಿನ ಪೊರೆಯಂತೆ ಸುಲಿಯತೊಡಗಿತು. ಆದರೂ ನಡೆಯುತ್ತಿತ್ತು. ನಿಲ್ಲಿಸಿದ್ದು ನಿಂಗರಾಜ. ಬೇಸಗೆಯಲ್ಲಿ ಎದೆ ಹಿಡಿದುಕೊಂಡು ಅವನು ತೀರಿಹೋದ. ಕರ್ಮಾಂತರ ಮುಗಿದ ಮೇಲೆ ಅವನ ನೆನಪಿಗೆಂದೇ ಕಾರ್ಯಕ್ರಮ ಇಟ್ಟರು. "ಗೋಡೆ ಒಡಿ" ಶುರುವಾಯಿತು. ಎರಡನೇ ಚರಣಕ್ಕೆ ನಿಂಗರಾಜ ತನ್ನ ಜಾಗದಲ್ಲಿ ನಿಂತಿದ್ದ. ಎಂದಿನಂತೆ ತಲೆ ತಗ್ಗಿಸಿ, ಇಲ್ಲದ ಗಿಟಾರಿನ ಕಿವಿ ತಿರುಪುತ್ತಿದ್ದ.

ಹಾಡು ತೊದಲಿ ನಿಂತಿತು. ಮುಂದಿನ ಸಾಲಿನಲ್ಲಿದ್ದ ಅವನ ಹೆಂಡತಿ ಕಾಂತಾಮಣಿ ಸೆರಗು ಸರಿಮಾಡಿಕೊಂಡು ಎದ್ದಳು. "ಒಲೆ ಮೇಲೆ ಅನ್ನ ಇಟ್ಟು ಬಂದಿದೀನಿ, ಯಾರಾದ್ರೂ ಇಳಿಸ್ರೇ. ಕಳಿಸಿ ಬರ್ತೀನಿ." ಗಂಡ ಹೆಂಡತಿ ಇಬ್ಬರೂ ಸುಂಕದ ಕಟ್ಟೆಯ ಕಡೆ ನಡೆದರು. ಅನ್ನ ಇಳಿಸಿದ್ದು ನಾನು. ತಳ ಹಿಡಿದಿತ್ತು.

ಬ್ಯಾಂಡಿಗೆ ಆಗ ಅರ್ಥವಾಯಿತು. ಮುದುಕರಾದ ಮೇಲೆ ಕೇಳಿ ಸತ್ತವರಿಗೆ ಅದು ಬರೀ ಗದ್ದಲವಾಗಿತ್ತು, ಈಗ ತಮ್ಮ ಸದ್ದು ಕೇಳಿ ಬೆಳೆದವರೇ ಸಾಯುವ ವಯಸ್ಸಿಗೆ ಬಂದಿದ್ದರು. ಹೊಸ ಹಾಡು ಕಟ್ಟೋಣ, ಯಾರಿಗೂ ಗೊತ್ತಿಲ್ಲದ್ದು ಎಂದು ವಿಕ್ಟರ್ ಹಟ ಹಿಡಿದ. ಕಟ್ಟಿ ನುಡಿಸಿದರು. ಹಿಂದೆಲ್ಲ ಸ್ಪೀಕರಿನ ಮುಂದೆ ಕುಣಿಯುತ್ತಿದ್ದ, ಕಾಂತಾಮಣಿ ಹೋದ ಮೇಲೆ ಸತ್ತ ಟೀ ಅಂಗಡಿಯ ರುದ್ರೋಜಿ ಬಂದು ನಿಂತ, ಅವನ ತಮ್ಮ ಕಳಿಸಲು ಹೋದ. ಸತ್ತವರು ಪದ ಕೇಳಿ ಬರುವುದಿಲ್ಲ, ಧಾಟಿ ಕೇಳಿ ಬರುತ್ತಾರೆ. ಗಿಟಾರು ಗುರುಗುಟ್ಟಿದರೆ ಸಾಕು.

ಊರು ಮತ್ತೆ ಮೂಕವಾಯಿತು. ಒಂದು ಮದುವೆ ಸದ್ದಿಲ್ಲದೆ ನಡೆಯಿತು. ತಾಳಿ ಕಟ್ಟುವಾಗ ಯಾರೋ ಕೆಮ್ಮಿದ್ದೇ ವಾದ್ಯ. ಮಾವ ದಿನಗಟ್ಟಲೆ ಮನೆಯ ಜಗುಲಿಯ ಮೇಲೆ ಕೂತೇ ಇದ್ದ. ಊಟಕ್ಕೆ ಕರೆದರೆ ಬರುತ್ತಿದ್ದ, ತಟ್ಟೆಯ ಅಂಚನ್ನು ಬೆರಳಲ್ಲಿ ಕುಟ್ಟಲು ಹೋಗಿ ಬೆಚ್ಚಿ ಕೈ ಹಿಂದಕ್ಕೆಳೆಯುತ್ತಿದ್ದ. "ಇವನು ಹಿಂಗೇ ಇದ್ರೆ ಹಾಡಿಲ್ದಲೇ ಹೋಗ್ಬುಡ್ತಾನೆ ಕಣೆ ಪುಟ್ಟಿ" ಎಂದು ಅಜ್ಜಿ ನನ್ನ ಕಿವಿಯಲ್ಲಿ ಅಂದಳು.

ಊರ ಯಜಮಾನ ಹಾಲೇಶಪ್ಪ ಮೈದಾನದಲ್ಲಿ ಸಭೆ ಕರೆದ. ಅವನ ತಲೆಯಲ್ಲಿ ಒಂದು ಉಪಾಯ ಬೆಳೆದಿತ್ತು. "ನೋಡ್ರಪ್ಪಾ, ನಮ್ಮ ಹಳ್ಳಿ ಪದ ನಿಂತೋಗಿ ಎಷ್ಟು ತಲೆಮಾರು ಆಯ್ತು? ಆ ಧಾಟಿ ಕೇಳಿದ್ದೋರು ಸತ್ತು ಮಣ್ಣಾಗಿ, ಅವರ ಮಕ್ಕಳೂ ಸತ್ತು ಮಣ್ಣಾಗವ್ರೆ. ಬಂದ್ರೂ ಕಳಿಸೋಕೆ ಏಳೋರು ಯಾರು? ಸುತ್ತಿಗೆ ಬ್ಯಾಂಡಿನೋರು ಈ ಬಡಿತ ಬುಟ್ಟು ಹಳ್ಳಿ ಪದ ಹಾಡ್ಲಿ."

ವಿಕ್ಟರ್ ಸಿಡಿದೆದ್ದ. "ನಲವತ್ತು ವರ್ಷ ಸಿಂಹದ ಹಂಗೆ ಗರ್ಜಿಸಿ ಈಗ ಕುರಿ ಹಂಗೆ ಬ್ಯಾ ಅನ್ಲಾ? ನನಗೆ ಕಂಬಳಿ ಹೊದ್ದು ತಂಬೂರಿ ಹಿಡಿಯೋಕೆ ಹೇಳ್ತೀರಾ?"

"ಸಿಂಹಕ್ಕೆ ಹಲ್ಲುದುರೈತೆ ಬುಡು" ಎಂದು ಯಾರೋ ಹಿಂದಿನಿಂದ ಅಂದರು.

"ಏನಂತೆ?" ಎಂದ ದಾದಾಪೀರ, ಕಿವಿಗೆ ಕೈ ಹಚ್ಚಿ.

"ಹಳ್ಳಿ ಪದ ಹಾಡ್ಬೇಕಂತೆ!" ಎಂದು ಅವನ ಹೆಂಡತಿ ನೂರ್‌ಜಾನ್ ಕೂಗಿದಳು.

"ಹಾಡೋಣ. ನನಗೆ ಯಾವುದಾದ್ರೇನು, ಎರಡೂ ಕೇಳಲ್ಲ" ಎಂದ ಅವನು. ಮೈದಾನ ಬಹಳ ದಿನಕ್ಕೆ ನಕ್ಕಿತು.

ಮಾವ ಎಲ್ಲರ ಮೇಲೂ ಒಮ್ಮೆ ಕಣ್ಣಾಡಿಸಿದ. "ವಿಕ್ಟರ್, ನಾನು ರಾಕ್ ಹಾಡಿದ್ದು ರಾಕಿನ ಮೋಹಕ್ಕಲ್ಲ ಕಣೋ. ನಮ್ಮೂರಲ್ಲಿ ಬಾಯಿ ಬಿಟ್ಟು ಹಾಡೋಕೆ ಅದೊಂದೇ ದಾರಿ ಇತ್ತು. ಆ ದಾರಿ ಮುಚ್ಚಿತು. ಇನ್ನೊಂದು ಇದ್ರೆ ಹಾಡ್ತೀನಿ. ಆದ್ರೆ ಹಾಲೇಶಪ್ಪ, ಮನೆಮನೆಗೂ ಹೋಗಿ ಕೇಳಿ. ಆ ಧಾಟಿ ಕೇಳಿ ಬರೋರು ಒಂದೇ ಒಂದು ಮನೇಲಿ ಇದಾರೆ ಅಂದ್ರೂ ನಾನು ಬಾಯಿ ತೆಗೆಯಲ್ಲ. ಕಾಂತಕ್ಕನ್ನ ನನ್ನ ಗಂಟಲೇ ಕಳಿಸಿದ್ದು. ಇನ್ನೊಬ್ಬರನ್ನ ಕಳಿಸೋ ಶಕ್ತಿ ನಂಗಿಲ್ಲ."

ಹಾಲೇಶಪ್ಪ ಬಾಗಿಲು ಬಾಗಿಲು ಬಡಿದು ಕೇಳಿದ. ನಿಮ್ಮ ಮನೆಯಲ್ಲಿ ಸತ್ತವರಲ್ಲಿ ಹಳ್ಳಿ ಪದ ಕೇಳಿದ್ದವರು ಯಾರಾದರೂ ಇದ್ದಾರಾ? ಎಲ್ಲ ಮನೆಯಲ್ಲೂ ಹೆಂಗಸರು ಒಂದೇ ಉತ್ತರ ಕೊಟ್ಟರು. ನಮ್ಮ ಮನೆಗೂ ಬಂದ. ಅಜ್ಜಿ ಅಕ್ಕಿ ಕೇರುತ್ತಿದ್ದಳು. ಮೊರ ನಿಲ್ಲಿಸದೆ, "ಲೆಕ್ಕಕ್ಕೆ ಯಾರೂ ಇಲ್ಲಪ್ಪ" ಅಂದಳು. ಹಾಲೇಶಪ್ಪನಿಗೆ ಅಷ್ಟೇ ಸಾಕಾಗಿತ್ತು. ನನಗೂ ಸಾಕಾಗಿತ್ತು.

ಇನ್ನು ಹಾಡು ಎಲ್ಲಿಂದ ತರುವುದು? ಪದ ಬಲ್ಲವರೇ ಊರಲ್ಲಿ ಇಲ್ಲವಲ್ಲ ಎಂದು ಮಾವ ಜಗುಲಿಯ ಮೇಲೆ ತಲೆ ಹಿಡಿದು ಕೂತಿದ್ದ. ಅಜ್ಜಿ ಒಳಗಿಂದ ಬಂದು ಅವನ ಪಕ್ಕ ಕೂತಳು. ತುಂಬ ಹೊತ್ತು ಅವನ ಬಣ್ಣ ಹಚ್ಚಿದ ಕೂದಲು ನೇವರಿಸಿದಳು. "ತಿಪ್ಪಾ, ಇಲ್ಲಿ ಬಾ" ಎಂದು ಅವನ ತಲೆ ಎಳೆದು, ಅವನ ಕಿವಿಗೆ ಬಾಯಿ ಒತ್ತಿಟ್ಟಳು. ಅವಳ ಕತ್ತಿನ ನರ ಅಲುಗುವುದು ಕಂಡಿತು. ಪಕ್ಕದಲ್ಲೇ ಇದ್ದ ನನಗೆ ಉಸಿರಿನ ಸದ್ದೂ ಕೇಳಲಿಲ್ಲ. ಮಾವನ ಮುಖ ಮಾತ್ರ ಕರಗುತ್ತಾ ಬಂತು, ಮಗುವಿನ ಮುಖದ ಹಾಗೆ.

"ಅವ್ವಾ, ಇದು ನಂಗೆ ಗೊತ್ತು" ಎಂದ ಅವನು. "ಎಲ್ಲಿ ಕೇಳಿದ್ದೆ?"

"ಇಲ್ಲೇ. ಹಿಂಗೇ" ಅಂದಳು ಅಜ್ಜಿ. "ಕೂಸಿನ ಕಿವಿಗೆ ಬಾಯಿಟ್ಟು ಹೇಳಿದ್ರೆ ಸತ್ತೋರಿಗೆ ಕೇಳಾಕಿಲ್ಲ. ಬದುಕಿರೋ ಗಂಡಸ್ರಿಗೂ ಕೇಳಾಕಿಲ್ಲ. ನಮ್ಮವ್ವ ನಂಗಂದ್ಲು, ನಾನು ನಿಂಗಂದೆ."

ಕಥೆ ಮಾತ್ರ ಇರುವ ಊರೆಂದು ನಾನು ನಂಬಿದ್ದ ನಮ್ಮೂರಿನಲ್ಲಿ, ಹೆಂಗಸರೆಲ್ಲ ಬಾಯಿಂದ ಕಿವಿಗೆ, ಹನಿಯೂ ಚೆಲ್ಲದಂತೆ, ಹಾಡನ್ನು ದಾಟಿಸುತ್ತಾ ಬಂದಿದ್ದರು. ನನಗೆ ಅದೊಂದು ಹಬ್ಬದ ಸುದ್ದಿಯಂತೆ ಕೇಳಿಸಿತೇ ಹೊರತು ಬೇರೇನೂ ಹೊಳೆಯಲಿಲ್ಲ. ಮಾವನಿಗೂ ಅಷ್ಟೇ. ಆ ಗಳಿಗೆಯಲ್ಲಿ ಅವನಿಗೆ ಹಾಡು ಸಿಕ್ಕಿತ್ತು, ಹಸಿದವನು ಅನ್ನ ಯಾವ ಗದ್ದೆಯದೆಂದು ಕೇಳುತ್ತಾನೆಯೇ?

ಅವರು ಕಾರ್ಖಾನೆಯ ಹೆಂಚು ಸುಡುವ ಗೂಡಿನೊಳಗೆ, ಬಾಗಿಲಿಗೆ ಗೋಣಿಚೀಲ ತುರುಕಿ, ಪಿಸುಮಾತಿನಲ್ಲಿ ಅಭ್ಯಾಸ ಮಾಡಿದರು. ವಿಕ್ಟರ್ ಮೊದಲ ದಿನ ಮುಖ ಊದಿಸಿಕೊಂಡು ಕೂತ. ಎರಡನೆಯ ದಿನ ಗಿಟಾರನ್ನು ಗುರುಗುಟ್ಟಿಸುವ ಪೆಟ್ಟಿಗೆಯ ವೈರು ಕಿತ್ತು ಬಿಸಾಕಿ, ಬರೀ ಉಗುರಿನಿಂದ ಮೀಟಿದ. ದಾದಾಪೀರ ಕೋಲು ಬಿಟ್ಟು ಅಂಗೈಯಲ್ಲಿ ಡ್ರಮ್ಮಿನ ಚರ್ಮ ಸವರಿದ. ತೊಟ್ಟಿಲ ಹಗ್ಗ ಕಿರುಗುಟ್ಟಿದ ಹಾಗೆ ಸದ್ದು ಬಂತು. "ಥೂ, ಚೆನ್ನಾಗೈತೆ ಕಣ್ಲಾ" ಎಂದು ಬೈಯುವವನ ಹಾಗೆ ವಿಕ್ಟರ್ ಹೇಳಿದ.

ಭಾನುವಾರ ಇಳಿಹೊತ್ತಿಗೆ ಇಡೀ ಊರು ಮೈದಾನಕ್ಕೆ ಬಂತು. ಅಜ್ಜಿ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಪೆಟ್ಟಿಗೆಯ ತಳದಲ್ಲಿದ್ದ ಹಸಿರು ಸೀರೆ ಉಟ್ಟಿದ್ದಳು. ಕೈಯಲ್ಲಿ ಹಳೆಯ ಸೀರೆಯ ಮೆತ್ತನೆಯ ತುಂಡೊಂದು ಮಡಿಸಿಕೊಂಡಿದ್ದಳು. "ಇದ್ಯಾಕಜ್ಜಿ?" ಎಂದೆ. "ಸಂಜೆ ಥಂಡಿ ಆಯ್ತದೆ" ಅಂದಳು. ಮೈದಾನದಲ್ಲಿ ನೋಡಿದರೆ ಬಹಳ ಹೆಂಗಸರ ಕೈಯಲ್ಲಿ ಅಂಥ ಬಟ್ಟೆಯಿತ್ತು. ವಿಕ್ಟರನ ಅಕ್ಕ ರೋಸಲಿನ್ ಕೈಯಲ್ಲಿ, ನೂರ್‌ಜಾನ್ ಕೈಯಲ್ಲಿ, ಹಾಲೇಶಪ್ಪನ ಹೆಂಡತಿಯ ಕೈಯಲ್ಲೂ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿರಲಿಲ್ಲ.

ಮಾವ ಮೈಕಿನ ಮುಂದೆ ನಿಂತ. ಜಾಕೀಟು ಹಾಕಿರಲಿಲ್ಲ. ಕಣ್ಣು ಮುಚ್ಚಿ ಶುರುಮಾಡಿದ.

"ಬಾರವ್ವ ನಿದ್ದೆ, ಬಾಗಿಲ ಬಡಿಬ್ಯಾಡ, ಕಾಲಿಗೆ ಗೆಜ್ಜೆ ಕಟಬ್ಯಾಡ, ನನ ಕೂಸು ಹಾಲಂಥ ಕನಸ ಕಾಣ್ತೈತೆ."

ನಲವತ್ತು ವರ್ಷ ಕಿರುಚಿದ ಗಂಟಲಲ್ಲಿ ಇಷ್ಟು ಮೆತ್ತನೆಯ ದನಿ ಎಲ್ಲಿ ಅಡಗಿತ್ತೋ. ಸ್ಪೀಕರು ಅದನ್ನು ಊರ ಮೇಲೆಲ್ಲ ಹೊದಿಸಿತು. ಗಂಡಸರು ಬೆರಗಾಗಿ ಕೂತರು. ಎಲ್ಲರಿಗೂ ಅದು ಗೊತ್ತಿತ್ತು, ಎಲ್ಲಿ ಕೇಳಿದ್ದೆಂದು ಮಾತ್ರ ಗೊತ್ತಿರಲಿಲ್ಲ. ಹಾಲೇಶಪ್ಪ ಕತ್ತೆತ್ತಿ ಬೇಲಿಯತ್ತ, ಸುಂಕದ ಕಟ್ಟೆಯ ದಾರಿಯತ್ತ ನೋಡಿದ. ಯಾರೂ ನಡೆದು ಬರುತ್ತಿರಲಿಲ್ಲ. ಅವನು ಗೆದ್ದವನ ಹಾಗೆ ಮೀಸೆ ಸವರಿದ.

ನಡೆದು ಬರಲು ಅವಕ್ಕೆ ಬರುತ್ತಿರಲಿಲ್ಲ. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಹುಲ್ಲಿನ ನಡುವೆ ಒಂದು ಬೋಳುತಲೆ. ಅಂಬೆಗಾಲಿಡುತ್ತಾ ಬಂತು. ಹೆಂಚಿನ ಕೆಂಪು ಮಣ್ಣು ಅದರ ಅಂಗೈಗೆ ಅಂಟುತ್ತಿರಲಿಲ್ಲ. ಅದರ ಹಿಂದೆ ಇನ್ನೊಂದು. ಆಮೇಲೆ ಮೈದಾನದ ನಾಲ್ಕೂ ಕಡೆಯಿಂದ, ಹಿತ್ತಿಲ ನುಗ್ಗೆ ಗಿಡಗಳಿಂದ, ಬಚ್ಚಲ ಕಲ್ಲುಗಳ ಬಳಿಯಿಂದ, ಇರುವೆ ಸಾಲಿನ ಹಾಗೆ. ಕೆಲವು ಹೊಟ್ಟೆ ಎಳೆದುಕೊಂಡು ತೆವಳುತ್ತಿದ್ದವು. ತೆವಳಲೂ ಬಾರದವು ಮಲಗಿದಲ್ಲೇ, ಕೈಕಾಲು ಆಡಿಸುತ್ತಾ, ಗಾಳಿ ತಂದಂತೆ ಬಂದವು.

ನಮ್ಮೂರಿನಲ್ಲಿ ಹಲ್ಲು ಹುಟ್ಟುವ ಮೊದಲು ಸತ್ತ ಕೂಸನ್ನು ಸತ್ತವರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಸರಿಲ್ಲ, ತಿಥಿಯಿಲ್ಲ, ಹಿತ್ತಿಲಲ್ಲಿ ಮಣ್ಣು ಮಾಡಿ ಮೇಲೊಂದು ಗಿಡ ನೆಡುತ್ತಾರೆ. ಅತ್ತರೆ ಮುಂದಿನ ಬಸಿರಿಗೆ ಒಳ್ಳೆಯದಲ್ಲವೆಂದು ಬಾಯಿ ಮುಚ್ಚಿಸುತ್ತಾರೆ. ಹಾಲೇಶಪ್ಪ ಬಾಗಿಲು ಬಾಗಿಲು ತಟ್ಟಿ ಕೇಳಿದ್ದು ಸತ್ತವರನ್ನು. ಅವನು ಸತ್ತವರೆಂದು ತಿಳಿದವರನ್ನು.

ಮೊದಲ ಕೂಸು ನಮ್ಮ ಕಡೆಗೇ ಬಂದು ಅಜ್ಜಿಯ ಹಸಿರು ಸೀರೆಯ ನೆರಿಗೆ ಹಿಡಿಯಿತು. ಅಜ್ಜಿ ಬಗ್ಗಿ ಅದನ್ನೆತ್ತಿ ಮಡಿಲಿಗೆ ಹಾಕಿಕೊಂಡು, ಬಟ್ಟೆಯ ತುಂಡನ್ನು ಹೊದಿಸಿದಳು. ಕೂಸನ್ನೆತ್ತಿಕೊಂಡವಳ ಹಾಗೆ ಅವಳ ಸೊಂಟ ಯಾವಾಗಲೂ ಎಡಕ್ಕೆ ಯಾಕೆ ವಾಲಿರುತ್ತಿತ್ತೆಂದು ಆಗ ತಿಳಿಯಿತು. "ದೊಡ್ಡದು" ಅಂದಳು ನನಗೆ, ಪರಿಚಯ ಮಾಡಿಕೊಡುವ ಹಾಗೆ. ಕೂಸಿಗೆ ಮಾವನದೇ ಕಿವಿಯಿತ್ತು.

ಮಾವ ಕಣ್ಣು ಬಿಟ್ಟ. ಅವ್ವನನ್ನು ನೋಡಿದ, ಮಡಿಲನ್ನು ನೋಡಿದ. ಮೈದಾನದ ತುಂಬ ಹೆಂಗಸರ ಮಡಿಲು ತುಂಬಿದ್ದನ್ನು ನೋಡಿದ. ಕೊನೆಯ ಸಾಲಿಗೆ ಬಂದಿದ್ದ ಹಾಡು ಅವನ ಬಾಯಲ್ಲಿ ಒಂದು ಕ್ಷಣ ನಡುಗಿತು. ಹಾಡು ಮುಗಿದರೆ ಅವರು ಹೊರಡುತ್ತಾರೆ. ನಡೆಯಲು ಬಾರದ ಕೂಸನ್ನು ಎತ್ತಿಕೊಂಡೇ ಕಳಿಸಬೇಕು. ಅವನು ಮುಗಿಸಲಿಲ್ಲ. ಮತ್ತೆ ಮೊದಲಿಂದ "ಬಾರವ್ವ ನಿದ್ದೆ" ಎಂದ. ದಾದಾಪೀರನಿಗೆ ಏನೂ ಕೇಳದಿದ್ದರೂ ನೂರ್‌ಜಾನಳ ತೋಳಿನಲ್ಲಿದ್ದದ್ದು ಕಂಡಿತ್ತು. ಅವನ ಅಂಗೈ ಚರ್ಮದ ಮೇಲಿಂದ ಏಳಲಿಲ್ಲ. ವಿಕ್ಟರನ ಬೆರಳಿನಿಂದ ರಕ್ತ ಸೋರಿ ತಂತಿ ಕೆಂಪಾಯಿತು, ರೋಸಲಿನಳ ಮೇಲಿನ ಕಣ್ಣು ಅವನು ಕೀಳಲಿಲ್ಲ. ಅದೇ ಪದ, ಅದೇ ಧಾಟಿ, ಮತ್ತೆ, ಮತ್ತೆ. ಗಂಡಸರು ಒಬ್ಬೊಬ್ಬರೇ ಎದ್ದು ಹೆಂಡತಿಯ, ತಾಯಿಯ, ಅಕ್ಕನ ತೋಳು ಹಿಡಿದುಕೊಂಡು ಕೂತರು, ಏನೂ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ. ಹಾಲೇಶಪ್ಪ ಹೆಂಡತಿಯ ಮುಂದೆ ಮೊಣಕಾಲೂರಿ, "ಯಾಕೆ ಹೇಳ್ಲಿಲ್ವೇ? ನಾನು ಕೇಳಿದ್ನಲ್ಲೇ" ಎಂದು ಗೋಗರೆದ. ಆಕೆ, "ಇದುನ್ನ ಯಾವತ್ತು ಕೇಳಿದ್ರಿ?" ಅಂದಳು, ಸಿಟ್ಟಿಲ್ಲದೆ, ಕೂಸಿನ ತಲೆಯನ್ನು ತಟ್ಟುತ್ತಾ.

ಬಿಸಿಲು ಕಾರ್ಖಾನೆಯ ಚಿಮಣಿಯ ಹಿಂದಕ್ಕೆ ಸರಿಯಿತು. ಮಾವನ ದನಿ ಮೊದಲು ಒರಟಾಯಿತು, ಆಮೇಲೆ ಸೀಳಿತು, ಆಮೇಲೆ ಬರೀ ಗಾಳಿಯಾಯಿತು. ಅವನ ಕತ್ತಿನ ನರ ಹಗ್ಗದ ಹಾಗೆ ಉಬ್ಬಿತ್ತು. ಪದಗಳ ನಡುವೆ ಖಾಲಿ ಬರತೊಡಗಿದಾಗ ನಾನು ಬಾಯಿ ತೆರೆದೆ. ಆ ಹಾಡನ್ನು ನಾನೇ ಎತ್ತಿಕೊಂಡು ಮುಂದಕ್ಕೆ ಒಯ್ಯಬೇಕೆಂದಿದ್ದೆ. ಅಜ್ಜಿ ನನ್ನ ತುಟಿಯ ಮೇಲೆ ಬೆರಳಿಟ್ಟಳು.

"ನೀನು ಸುಮ್ಕಿರವ್ವಾ. ನಿಂಗೆ ಕಥೆ ಕೊಟ್ಟಿವ್ನಿ."

ಆಮೇಲೆ ವೇದಿಕೆಯ ಕಡೆ ತಿರುಗಿ, ಮನೆಯೊಳಗಿಂದ ಜಗುಲಿಗೆ ಕೂಗುವಷ್ಟೇ ದನಿಯಲ್ಲಿ ಅಂದಳು: "ಸಾಕು ಬುಡೋ ತಿಪ್ಪಾ. ಗಂಟ್ಲು ನೋಯ್ತದೆ. ಕೂಸಿಗೆ ನಿದ್ದೆ ಬಂತು."

ಮಾವ ಅವ್ವನನ್ನು ನೋಡುತ್ತಾ ನಿಂತ. ಅವನ ತುಟಿ ಇನ್ನೂ ಆಡುತ್ತಿತ್ತು, ದನಿ ಇರಲಿಲ್ಲ. ಜೀವಮಾನವಿಡೀ ಅವಳ ಮಾತು ಮೀರದವನು ಅಂದೂ ಮೀರಲಿಲ್ಲ. ಬಾಯಿ ಮುಚ್ಚಿದ.

ಮೈದಾನದಲ್ಲಿ ಬಟ್ಟೆಗಳ ಸರಸರ ಸದ್ದಾಯಿತು. ಹೆಂಗಸರು ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು ಎದ್ದರು. ಹೆಂಗಸರಲ್ಲಿ ಎದ್ದವರೇ ಹೆಚ್ಚು, ಕೂತವರು ಕಡಿಮೆ. ಅಜ್ಜಿ ನನ್ನ ಗಲ್ಲ ಸವರಿ, "ಹಿತ್ಲ ಗಿಡಕ್ಕೆ ಇನ್ನು ಹಾಲು ಬ್ಯಾಡ, ನೀರು ಹಾಕು. ಕಳಿಸಿ ಬರ್ತೀನಿ" ಅಂದಳು. ಸುಂಕದ ಕಟ್ಟೆಯ ದಾರಿಯುದ್ದಕ್ಕೂ ಸೀರೆಗಳ ಬಣ್ಣ ಮಸುಕಾಗುತ್ತಾ ಹೋಯಿತು. ನನ್ನ ಕೈಯಲ್ಲಿ ಹಸಿರು ಸೆರಗಿನ ಒಂದು ಚೂರಿತ್ತು. ಯಾವಾಗ ಹಿಡಿದಿದ್ದೆನೋ ನನಗೇ ತಿಳಿಯದು.

ಸುತ್ತಿಗೆ ಬ್ಯಾಂಡು ಹಳ್ಳಿ ಪದ ಹಾಡಬೇಕಿತ್ತೇ ಹಾಡಬಾರದಿತ್ತೇ ಎಂದು ಈಗ ಊರಲ್ಲಿ ಯಾರೂ ವಾದ ಮಾಡುವುದಿಲ್ಲ. ಸ್ಪೀಕರಿನ ಡಬ್ಬಗಳಲ್ಲಿ ಕೋಳಿಗಳು ಮರಿ ಮಾಡಿವೆ. ವಿಕ್ಟರ್ ಗಿಟಾರಿನ ತಂತಿ ಬಿಚ್ಚಿ ಬಟ್ಟೆ ಒಣಹಾಕಲು ಕಟ್ಟಿದ್ದಾನೆ. ದಾದಾಪೀರನನ್ನು ಕೂಗಿ ಮಾತಾಡಿಸುವವರಿಲ್ಲ. ಮಾವನಿಗೆ ದನಿ ಮರಳಲಿಲ್ಲ. ಜಗುಲಿಯ ಮೇಲೆ ಕೂರುತ್ತಾನೆ, ನಾನು ಮೆಣಸಿನ ಕಷಾಯ ಕೊಟ್ಟರೆ ಕುಡಿಯುತ್ತಾನೆ. ತಾಯಂದಿರಿಲ್ಲದ ಮನೆಗಳ ಮಕ್ಕಳು ಸಂಜೆಯಾದರೆ ನಮ್ಮ ಜಗುಲಿಗೆ ಬರುತ್ತವೆ. ಅವಕ್ಕೆ ನಾನು ಕಥೆ ಹೇಳುತ್ತೇನೆ. ಒಬ್ಬ ತಾಯಿಗೆ ಮೂರು ಮಕ್ಕಳು ಎಂದೇ ಶುರು. ದೊಡ್ಡದು ಏನು ಮಾಡಿತು ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಮಾವ ಆಗ ಕಣ್ಣೆತ್ತಿ ನನ್ನನ್ನು ನೋಡುತ್ತಾನೆ. ದೊಡ್ಡದನ್ನು ಅವರವ್ವ ಎತ್ತಿಕೊಂಡು ಹೋದಳು ಎನ್ನುತ್ತೇನೆ, ಮತ್ತೆ ಕಥೆಯನ್ನು ಹೀಗೆ ಮುಗಿಸುತ್ತೇನೆ: ಅವರು ಅಲ್ಲಿ ಮಲಗಿದ್ದಾರೆ, ನಾವು ಇಲ್ಲಿ ಎಚ್ಚರವಾಗಿದ್ದೇವೆ.